ಮೂಸಬಾರದ ಹೂವು

ಗಾಜಿಪುರ

ಜಪಾನಿಗೆ ಹೋಗಬೇಕಾಗಿದ್ದವರು ನಾನು ಮತ್ತು ನಮ್ಮ ಯಜಮಾನರು. ಹೊರಡುವ ಮಾತು ಗಟ್ಟಿಯಾಗುತ್ತಿದ್ದಂತೆ ಯಜಮಾನರಿಗೆ ಒಂದೊಂದೇ ಕಾಯಿಲೆ ನೆನಪಾಗತೊಡಗಿತು. ಮೊದಲು ಮೊಣಕಾಲು, ಆಮೇಲೆ ಬೆನ್ನು, ಕೊನೆಗೆ "ಅಲ್ಲಿ ರೊಟ್ಟಿ ಸಿಗಂಗಿಲ್ಲಂತ" ಎಂಬ ಅಸಲಿ ಕಾಯಿಲೆ ಹೊರಬಿತ್ತು. ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಮನೆ. ಸೇಡಂ ರಸ್ತೆಯ ಶಾಲೆಯೊಂದರಲ್ಲಿ ಗಣಿತ ಹೇಳಿ ನಿವೃತ್ತಳಾದವಳು ನಾನು. ನೆಪ ಯಾವುದು, ಕಾರಣ ಯಾವುದು ಎಂದು ಮುಖ ನೋಡಿದರೇ ತಿಳಿಯುತ್ತದೆ.

"ನೀವು ಮನ್ಯಾಗ ಆರಾಮ ಇರ್ರಿ. ನಾ ಅಕ್ಕನ್ನ ಕರಕೊಂಡು ಹೋಗ್ತೀನಿ" ಎಂದೆ. ಅವರ ಮೊಣಕಾಲು ಅಂದೇ ಸಂಜೆ ವಾಸಿಯಾಯಿತು.

ಅಕ್ಕ ಎಂದರೆ ಗುರಬಸಮ್ಮ. ಕಮಲಾಪುರದಲ್ಲಿ ತೊಗರಿ ವ್ಯಾಪಾರದ ಮನೆಗೆ ಕೊಟ್ಟಿದ್ದರು. ಭಾವ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಮಗ ಎಂದೋ ದುಬೈ ತೋರಿಸುತ್ತೇನೆಂದು ಪಾಸ್‌ಪೋರ್ಟ್ ಮಾಡಿಸಿದ್ದ. ದುಬೈ ಬರಲಿಲ್ಲ, ಪಾಸ್‌ಪೋರ್ಟ್ ಮಾತ್ರ ಅಲಮಾರಿಯಲ್ಲಿ ಸೀರೆಗಳ ನಡುವೆ ಡಾಂಬರು ಗುಳಿಗೆಯ ವಾಸನೆ ಹಿಡಿದು ಕುಳಿತಿತ್ತು.

ಅಕ್ಕನ ದಿನಚರಿ ಊರಿಗೇ ಗೊತ್ತು. ನಸುಕಿನಲ್ಲಿ ಸ್ನಾನ ಮುಗಿಸಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ವಾಕಿಂಗ್ ಹೊರಡುತ್ತಾಳೆ. ಹೆಸರಿಗೆ ವಾಕಿಂಗ್. ಅವಳ ಕಣ್ಣು ರಸ್ತೆಯ ಮೇಲಿರುವುದಿಲ್ಲ, ಕಂಪೌಂಡುಗಳ ಮೇಲಿರುತ್ತದೆ. ಕಣಗಿಲೆ, ದಾಸವಾಳ, ನಂದಿಬಟ್ಟಲು, ಯಾವುದು ಗೋಡೆಯಾಚೆ ಬಗ್ಗಿದೆಯೋ ಅದು ಅವಳದು. "ಹೊರಗ ಬಂದದ್ದು ಊರಿಂದು, ಒಳಗಿರೋದು ಅವರದು" ಎಂದು ಅವಳೇ ಮಾಡಿಕೊಂಡ ಕಾನೂನು. ಗೇಟಿನೊಳಗಿನಿಂದ ಯಾರಾದರೂ ಕೆಮ್ಮಿದರೆ "ಪೂಜಾಕ್ಕರೀ" ಎನ್ನುತ್ತಾಳೆ. ಪೂಜೆಗೆ ಎಂದ ಮೇಲೆ ಯಾರು ಏನು ಹೇಳಿಯಾರು? ಮನೆಗೆ ಬಂದು ಕರಡಿಗೆಯಿಂದ ಲಿಂಗ ತೆಗೆದು, ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿ, ಆಮೇಲೇ ಚಹಾ. ಹೂ ಸಿಗದ ದಿನ ಚಹಾ ಇಲ್ಲ, ಊಟವೂ ಇಲ್ಲ, ಮನೆಯಲ್ಲಿ ಉಳಿದವರಿಗೆ ನೆಮ್ಮದಿಯೂ ಇಲ್ಲ.

ಜಪಾನಿನ ಬಗ್ಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಹೂ ಸಿಗ್ತಾವೇನ?"

"ಹೂ ನೋಡಾಕೇ ಹೊಂಟೀವಿ ಯಕ್ಕಾ. ಊರ ತುಂಬ ಹೂವೇ ಇರ್ತಾವಂತ" ಎಂದೆ.

ಪ್ರವಾಸದುದ್ದಕ್ಕೂ ಈ ಮಾತನ್ನು ಅವಳು ನನಗೆ ನೆನಪಿಸುತ್ತಲೇ ಬಂದಳು.

ಟೋಕಿಯೊ

ಅಕ್ಕ ಮುಂಜಾಗ್ರತೆಯಿಂದ ಕಮಲಾಪುರದ ಬಿಲ್ವಪತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಬಿಚ್ಚಿ ನೋಡಿ, ಹಸಿ ಎಲೆ ದೇಶದೊಳಗೆ ಬರುವಂತಿಲ್ಲ ಎಂದು ವಿನಯವಾಗಿ ತಿಳಿಸಿ, ಎರಡೂ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ ನಮಸ್ಕರಿಸಿ, ಕಸದ ಡಬ್ಬಿಗೆ ಹಾಕಿದ. ಅಕ್ಕ ಸಿಟ್ಟಾಗುತ್ತಾಳೆಂದು ನಾನು ಬೆವರಿದೆ. ಅವಳು, "ಬಾಳ ಭಕ್ತಿಲೆ ತಗೊಂಡ ನೋಡು. ನಮ್ಮ ಪೂಜಾರಿಗಳೂ ಹಿಂಗ ತಗೊಳ್ಳಂಗಿಲ್ಲ" ಎಂದಳು. ಡಬ್ಬಿಯನ್ನು ಅವಳು ನೋಡಿರಲಿಲ್ಲ, ನಾನು ತೋರಿಸಲೂ ಇಲ್ಲ.

ಊರ ತುಂಬ ಹೂವಿರುತ್ತದೆ ಎಂದಿದ್ದೆನಲ್ಲ, ಸುಳ್ಳಲ್ಲ. ಚೆರ್ರಿ ಮರಗಳು ಎಲೆ ಕಾಣದಂತೆ ಅರಳಿ ನಿಂತಿದ್ದವು. ಜನ ಕೆಳಗೆ ಚಾಪೆ ಹಾಸಿಕೊಂಡು ಕುಳಿತು ನೋಡುತ್ತಿದ್ದರು. ನೋಡುವುದು, ಅಷ್ಟೇ. ಒಬ್ಬರೂ ಒಂದು ಎಸಳು ಮುಟ್ಟುತ್ತಿರಲಿಲ್ಲ. ನಮ್ಮ ಗುಂಪಿನ ಗೈಡು ಮೊದಲೇ ಕಟ್ಟಪ್ಪಣೆ ಮಾಡಿದ್ದರಿಂದ ಅಕ್ಕ ಚೀಲವನ್ನು ಸೆರಗಿನಡಿ ಹಿಡಿದು, ಹಸಿದವರು ಮಿಠಾಯಿ ಅಂಗಡಿಯ ಗಾಜಿನಾಚೆ ನೋಡುವಂತೆ ನೋಡಿದಳು. ನೆಲದ ಮೇಲೆ ರಾಶಿ ಬಿದ್ದಿದ್ದವನ್ನು ಆರಿಸಿಕೋ ಎಂದೆ. "ನೆಲಕ್ಕ ಬಿದ್ದದ್ದು ಲಿಂಗಕ್ಕ ಏರಸ್ಲೇನ? ಸಾಲಿ ಕಲಿಸಿದಾಕಿ ನೀ, ಶಾಂತಾ" ಎಂದು ನನ್ನನ್ನೇ ಗದರಿದಳು.

ಹೋಟೆಲಿನ ಹೂದಾನಿಯಲ್ಲಿ ಚೆಂದದ ಹೂಗಳಿದ್ದವು. ಮರುದಿನ ನಸುಕಿನಲ್ಲಿ ಅಕ್ಕ ಹೋಗಿ ಜಗ್ಗಿ ನೋಡಿದರೆ ಪ್ಲಾಸ್ಟಿಕ್. ಕೊನೆಗೆ ಸ್ಟೇಷನ್ನಿನ ಹೂವಂಗಡಿಗೆ ಕರೆದೊಯ್ದೆ. ಅಂಗಡಿಯ ಹುಡುಗಿ ಒಂದೇ ಒಂದು ಸೇವಂತಿಗೆಗೆ ಬುಡದಲ್ಲಿ ಒದ್ದೆ ಹತ್ತಿ ಕಟ್ಟಿ, ತೆಳು ಕಾಗದ ಸುತ್ತಿ, ಅದರ ಮೇಲೆ ದಪ್ಪ ಕಾಗದ ಸುತ್ತಿ, ರಿಬ್ಬನ್ ಬಿಗಿದು, ಎರಡೂ ಕೈಯಲ್ಲಿ ಕೊಟ್ಟಳು. "ಕೂಸಿಗಿ ಕುಲಾವಿ ಹಾಕಿದಂಗ ಹಾಕ್ಯಾಳ" ಎಂದು ಅಕ್ಕ ಬೆರಗಾದಳು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಹೂವಿನವಳು ಮೊಳ ಹಾಕುವಾಗ ಮೊಣಕೈಯನ್ನು ಹಿಂದಕ್ಕೆಳೆದುಕೊಂಡು ಗೇಣುದ್ದ ಉಳಿಸುತ್ತಾಳೆ. ನಮ್ಮಲ್ಲಿಗೆ ಬಂದಾಗಲೆಲ್ಲ ಅವಳೊಡನೆ ಜಗಳವಾಡಿ ಗಟ್ಟಿಯಾದ ಅಕ್ಕನಿಗೆ ಇಲ್ಲಿ ಜಗಳಕ್ಕೆ ಜಾಗವೇ ಸಿಗದೆ ಬಾಯಿ ಕಟ್ಟಿದಂತಾಯಿತು.

ನನ್ನ ಪಾಡು ಬೇರೆ. ವಿಮಾನದ ಏಸಿಯಲ್ಲಿ ಹಿಡಿದ ನೆಗಡಿ ಬಿಟ್ಟಿರಲಿಲ್ಲ. ಮೂಗು ಎಂಬುದು ಕನ್ನಡಕ ಕೂರಿಸಲು ಮಾತ್ರ ಉಳಿದಿತ್ತು. ಕಲಬುರಗಿಯ ಬಿಸಿಲಿನಲ್ಲಿ ಬೆಂದು ಬಂದವಳಿಗೆ ಅಲ್ಲಿನ ಚಳಿ ಕಿವಿಯಲ್ಲಿ ಹೊಕ್ಕು ಗಂಟಲಲ್ಲಿ ಕೂತಿತ್ತು.

ಬೆಟ್ಟದಡಿಯ ಊರು

ಪ್ರವಾಸದ ನಡುವೆ ಎರಡು ರಾತ್ರಿ ಹಳ್ಳಿ ಕಡೆಯ ಮನೆಗಳಲ್ಲಿ ಉಳಿಯುವ ಏರ್ಪಾಡಿತ್ತು. ನಮ್ಮಿಬ್ಬರನ್ನು ಬೆಟ್ಟದ ಬುಡದ ಸಣ್ಣ ಊರಿನಲ್ಲಿ ಫುಮಿಕೊ ಎಂಬುವರ ಮನೆಗೆ ಹಾಕಿದರು. ಎಪ್ಪತ್ತು ದಾಟಿದ ಹೆಂಗಸು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು, ನನ್ನ ಹಾಗೆಯೇ ನಿವೃತ್ತರು. ಒಂದೊಂದೇ ಪದವನ್ನು ಒರೆಸಿ ಇಟ್ಟಂತೆ ಇಂಗ್ಲಿಷ್ ಮಾತನಾಡುತ್ತಿದ್ದರು. ನನಗೆ ಹೇಳಿ ಮಾಡಿಸಿದಂತಿತ್ತು. ಅಕ್ಕನಿಗೆ ಇಂಗ್ಲಿಷ್ ಬಾರದು, ಜಪಾನಿ ಬಾರದು. ಅವಳು ಕಮಲಾಪುರದ ಮಾತಿನಲ್ಲೇ "ಫುಮಕ್ಕಾ, ಜರಾ ಬಿಸಿನೀರು ಕೊಡ್ರೆವ್ವಾ" ಎನ್ನುತ್ತಿದ್ದಳು. ಬಿಸಿನೀರು ಬರುತ್ತಿತ್ತು. ಹೇಗೆಂದು ನಾನು ಈಗಲೂ ಹೇಳಲಾರೆ.

ಆ ಮನೆಯಲ್ಲಿ ಬಾಗಿಲಿಗೊಂದು ಚಪ್ಪಲಿ, ಮರದ ನೆಲಕ್ಕೊಂದು ಚಪ್ಪಲಿ, ಪಾಯಖಾನೆಗೇ ಬೇರೊಂದು ಚಪ್ಪಲಿ. ಚಾಪೆಯ ಕೋಣೆಗೆ ಬರಿಗಾಲು. ನಾನು ಪಾಯಖಾನೆಯ ಚಪ್ಪಲಿಯಲ್ಲೇ ಊಟದ ಮೇಜಿನವರೆಗೆ ಬಂದುಬಿಟ್ಟೆ. ಫುಮಿಕೊ ನನ್ನ ಪಾದವನ್ನೇ ನೋಡಿ ಮುಗುಳ್ನಕ್ಕರು. ಅಕ್ಕ ಒಂದು ಸಲವೂ ತಪ್ಪಲಿಲ್ಲ. ಮಡಿಯಲ್ಲಿ ಬೆಳೆದವಳಿಗೆ ಯಾವ ಗೆರೆ ಎಲ್ಲಿ ದಾಟಬಾರದೆಂದು ಹೇಳಿಕೊಡಬೇಕಿಲ್ಲ.

ಅಂಗಳದಲ್ಲಿ ಮಾತ್ರ ಅಕ್ಕನಿಗೆ ನಿರಾಶೆಯಾಯಿತು. ಕಲ್ಲು, ಒಂದು ಮುದಿ ಪೈನ್ ಮರ, ಉಳಿದದ್ದೆಲ್ಲ ಪಾಚಿ. ಪಾಚಿಯನ್ನು ನೀರು ಹಾಕಿ, ಕಳೆ ಕಿತ್ತು, ಮುದ್ದಿನಿಂದ ಬೆಳೆಸಿದ್ದರು. ನಮ್ಮಲ್ಲಿ ಬಚ್ಚಲ ಹಿಂದೆ ಇಷ್ಟು ಪಾಚಿ ಕಂಡರೆ ಬ್ಲೀಚಿಂಗ್ ಪುಡಿ ಸುರಿದು ಕಸಬರಿಗೆಯಿಂದ ತಿಕ್ಕುತ್ತೇವೆ. "ಇಷ್ಟ ದೊಡ್ಡ ಅಂಗಳ, ಒಂದ್ ದಾಸಾಳ ಹಚ್ಚಬಾರದೇನ?" ಎಂದು ಗೊಣಗುತ್ತ ಅಕ್ಕ ಬೇಗನೆ ಮಲಗಿದಳು.

ಅವಳು ಮಲಗಿದ ಮೇಲೆ ಫುಮಿಕೊ ಕಪಾಟಿನಿಂದ ಒಂದು ಮರದ ಹಲಗೆ ತಂದು ನನ್ನ ಮುಂದಿಟ್ಟರು. ಅಂಗೈಯಗಲದ್ದು, ಕೆಳಗೆ ನೆಲಕ್ಕೆ ಊರುವ ಕೋಲು. ಮೇಲೆ ಏನೂ ಬರೆದಿರಲಿಲ್ಲ.

ಬೆಟ್ಟದ ದಾರಿಯಲ್ಲಿ ಸುಮಿರೆ ಎಂಬ ನೇರಳೆ ಬಣ್ಣದ ಕಾಡು ಹೂಗಳಿವೆಯಂತೆ. ವಯೊಲೆಟ್ ಎನ್ನುತ್ತೇವಲ್ಲ, ಅದೇ. ಬೆರಳ ಉಗುರಿನಷ್ಟು ಹೂ, ಆದರೆ ಅದರಲ್ಲೂ ನಾನಾ ಜಾತಿ. ಊರಿನ ಹಿರಿಯರ ಸಣ್ಣದೊಂದು ಬಳಗ ಪ್ರತಿ ವಸಂತದಲ್ಲೂ ಆ ದಾರಿಯಲ್ಲಿ ನಡೆದು, ಯಾವುದು ಯಾವ ಜಾತಿ ಎಂದು ಗುರುತಿಸಿ, ಪಕ್ಕದಲ್ಲಿ ಹೆಸರಿನ ಹಲಗೆ ಊರುತ್ತದೆ. ಹಲಗೆಗಳನ್ನು ಮಾಡುತ್ತಿದ್ದವರು ಫುಮಿಕೊ ಅವರ ಗಂಡ. ಕೊನೆಯ ಹಲಗೆ ಇದು.

"ಹೋದ ವಸಂತದಲ್ಲಿ ಇಳಿಜಾರಿನ ಒಂದು ಗಿಡದ ಹೂ ಮೂಸಿ, ಇದಕ್ಕೆ ಸುವಾಸನೆ ಇದೆ, ಇದು ಬೇರೆ ಜಾತಿ ಎಂದರು. ಯಾರೂ ನಂಬಲಿಲ್ಲ. ಕಾಯಿಲೆಯಲ್ಲಿದ್ದರು, ಔಷಧದ ಮಂಪರು ಎಂದುಕೊಂಡರು. ನನಗೆ ಹಿಂದೊಮ್ಮೆ ಜ್ವರ ಬಂದು ವಾಸನೆಯೇ ಹೋಗಿದೆ. ನಾನೂ ಮೂಸಿ ನೋಡಿ ಸುಮ್ಮನಿದ್ದೆ. ಹೌದು ಎನ್ನಬಹುದಿತ್ತು. ಚಳಿಗಾಲದಲ್ಲಿ ತೀರಿಕೊಂಡರು."

ಬಳಗದ ನಿಯಮ ಎಂದರೆ ಇಬ್ಬರು ಒಪ್ಪಿದರೆ ಮಾತ್ರ ಹೆಸರು ಬರೆಯುವುದು. ಗಂಡನದು ಒಂದು ಮಾತು. ಎರಡನೆಯದು ಬೇಕು. ಬಳಗದ ಹಿರಿಯ ಮುರಾತಾ ಎಂಬುವರು ಗಂಡನ ಬಾಲ್ಯದ ಗೆಳೆಯ, ಆದರೆ ಗೆಳೆತನಕ್ಕಾಗಿ ಹೆಸರು ಬರೆಯಲಾಗದು ಎಂದು ಕಡ್ಡಿ ಮುರಿದಂತೆ ಹೇಳಿದ್ದಾರಂತೆ. ನಾಳೆ ಬಳಗ ಹೊರಡುತ್ತದೆ. ಸುವಾಸನೆ ಇಲ್ಲವೆಂದಾದರೆ ಈ ಹಲಗೆಯ ಮೇಲೆ ಸಾಮಾನ್ಯ ಜಾತಿಯ ಹೆಸರೇ ಬೀಳುತ್ತದೆ.

"ನೀವೂ ಬನ್ನಿ" ಎಂದರು ಫುಮಿಕೊ. ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟರು. ಬರುತ್ತೇವೆ ಎಂದೆ. ಕಣ್ಣೊರೆಸಿಕೊಂಡದ್ದನ್ನು ನೆಗಡಿಯ ಮೇಲೆ ಹಾಕಿದೆ.

ಹಲಗೆಗಳ ದಾರಿ

ಬೆಳಿಗ್ಗೆ ಅಕ್ಕ ಸ್ನಾನ ಮಾಡಿ, ಕರಡಿಗೆ ಕೊರಳಲ್ಲಿ, ಚೀಲ ಕೈಯಲ್ಲಿ ಹಿಡಿದು ತಯಾರಾದಳು. ಪೂಜೆಗೆ ಹೂವಿಲ್ಲ. ಚಹಾ ಕುಡಿಯಲಿಲ್ಲ. "ದಾರ್ಯಾಗ ಸಿಗ್ತಾವಲ್ಲ?" ಎಂದು ಕೇಳಿದಳು.

"ಹಲಗಿ ಊರಿರೋ ಹೂವಿಗಿ ಮಾತ್ರ ಕೈ ಹಚ್ಚಬ್ಯಾಡ ಯಕ್ಕಾ. ಅವು ನೋಡೋ ಹೂ."

"ಹಲಗಿ ಇಲ್ಲದ್ದು?"

"ಹಲಗಿ ಇಲ್ಲದ್ದು ಆಮ್ಯಾಲ ನೋಡೂಣು" ಎಂದೆ, ಬೂಟಿನ ಲೇಸು ಕಟ್ಟುವ ಅವಸರದಲ್ಲಿ. ರಾತ್ರಿಯ ಕಥೆ ಅವಳಿಗೆ ಹೇಳಬೇಕೆಂಬುದು ಹೊಳೆಯಲಿಲ್ಲ.

ಬಳಗದವರು ಬೆಟ್ಟದ ಬುಡದಲ್ಲಿ ಕಾದಿದ್ದರು. ಎಲ್ಲರೂ ಮುದುಕರು, ಎಲ್ಲರ ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ, ಎಲ್ಲರ ಮುಖಕ್ಕೂ ಮಾಸ್ಕ್. ಊರಿಗೇನು ರೋಗ ಬಂದಿದೆ ಎಂದು ಗಾಬರಿಯಾದೆ. ರೋಗವಲ್ಲ, ಆ ಕಾಲದಲ್ಲಿ ದೇವದಾರಿನಂಥ ಮರಗಳ ಪರಾಗ ಗಾಳಿಯಲ್ಲಿ ಹಾರಿ ಅರ್ಧ ದೇಶ ಸೀನುತ್ತದಂತೆ. ಕಣ್ಣೆಲ್ಲ ಕೆಂಪು, ಮೂಗೆಲ್ಲ ಕಟ್ಟು. ನನ್ನ ನೆಗಡಿ ಮೊದಲ ಬಾರಿಗೆ ತವರಿಗೆ ಬಂದಂತೆ ನಿರಾಳವಾಯಿತು.

ಮುರಾತಾ ಅವರು ಎತ್ತರದ, ಕೋಲಿನಂಥ ಮನುಷ್ಯ. ನಡು ಬಗ್ಗಿಸಿ ನಮಸ್ಕರಿಸಿದರು. ಅಕ್ಕ "ಶರಣ್ರಿ" ಎಂದಳು. ಅವರು ಇನ್ನಷ್ಟು ಬಗ್ಗಿದರು. ಅಕ್ಕ ಮತ್ತೆ "ಶರಣ್ರಿ" ಎಂದಳು. ನಾನು ತಡೆಯದಿದ್ದರೆ ಆ ದಾರಿ ಅಲ್ಲೇ ಮುಗಿಯುತ್ತಿತ್ತು.

ಹೂ ಗುರುತಿಸುವುದು ಎಂದರೆ ನೋಡಿ ಹೆಸರು ಹೇಳುವುದು ಎಂದುಕೊಂಡಿದ್ದೆ. ಮೊದಲ ಗಿಡದ ಮುಂದೆ ಬಳಗವೆಲ್ಲ ಚೀಲದಿಂದ ಪ್ಲಾಸ್ಟಿಕ್ ಹಾಳೆ ತೆಗೆದು ಹಾಸಿ, ಹೊಟ್ಟೆಯ ಮೇಲೆ ಮಲಗಿಬಿಟ್ಟಿತು. ಮುಟ್ಟುವುದಿಲ್ಲ, ಬಗ್ಗಿಸುವುದಿಲ್ಲ, ಹೂವಿನ ಮಟ್ಟಕ್ಕೆ ತಾವೇ ಇಳಿಯುತ್ತಾರೆ. ಫುಮಿಕೊ ನನಗೆ ಕ್ರಮ ಹೇಳಿಕೊಟ್ಟರು. ಮೊದಲು ಎಲೆ ಎಲ್ಲಿಂದ ಹೊರಟಿದೆ ನೋಡಬೇಕು. ಬುಡದಿಂದಲೇ ಎಲ್ಲವೂ ಬಂದಿದೆಯೋ, ಮೇಲೇರಿದ ದಂಟಿನಲ್ಲೂ ಎಲೆಯಿದೆಯೋ. ಆಮೇಲೆ ಎಲೆಯ ಆಕಾರ, ಹೃದಯದಂತೆಯೋ ಈಟಿಯಂತೆಯೋ. ಹೂವಿನ ಬೆನ್ನಿಗೆ ಒಂದು ಪುಟ್ಟ ಬಾಲವಿರುತ್ತದೆ, ಅದು ದಪ್ಪವೋ ಸಪೂರವೋ. ಅಕ್ಕಪಕ್ಕದ ಎಸಳುಗಳ ಒಳಗೆ ಮೀಸೆಯಂಥ ಕೂದಲಿದೆಯೋ ಇಲ್ಲವೋ. ಕೊನೆಗೆ ವಾಸನೆ.

ನನಗೆ ಇದು ಗಣಿತದಂತೆಯೇ ಹಿಡಿಸಿಬಿಟ್ಟಿತು. ಒಂದೊಂದೇ ಪ್ರಶ್ನೆ ಕೇಳಿ ಅಲ್ಲದ್ದನ್ನು ತೆಗೆಯುತ್ತ ಹೋದರೆ ಉಳಿಯುವುದೇ ಉತ್ತರ. ನಾನೂ ಸೀರೆ ಸುತ್ತಿಕೊಂಡು ಹಾಳೆಯ ಮೇಲೆ ಮಲಗಿದೆ. ಎರಡನೇ ಗಿಡದ ಮೀಸೆ ನಾನೇ ಮೊದಲು ಕಂಡೆ. ಮುರಾತಾ ಅವರು ತಲೆಯಾಡಿಸಿದಾಗ ಬಹುಮಾನ ಬಂದಷ್ಟು ಹಿಗ್ಗಿದೆ. ಮೂರನೆಯದರಲ್ಲಿ ಮೀಸೆ ಎಂದು ತೋರಿಸಿದ್ದು ಇರುವೆಯ ಕಾಲು ಎಂದು ಗೊತ್ತಾಗಿ ಸುಮ್ಮನಾದೆ.

ಅಕ್ಕ ಮಾತ್ರ ನಿಂತೇ ಇದ್ದಳು. "ಇಷ್ಟ ಸಣ್ಣ ಹೂವಿಗಿ ಎಷ್ಟ ತನಿಖಿ ಮಾಡ್ತಾರ! ಸೊಸಿ ನೋಡಾಕ ಹೋದಾಗೂ ನಾವು ಇಷ್ಟ ನೋಡಿಲ್ಲ" ಎಂದಳು. ಹೊಟ್ಟೆಯ ಹಸಿವು ಅವಳ ದನಿಯಲ್ಲಿ ಕೇಳುತ್ತಿತ್ತು. "ನೀವು ಮಲಕೊಂಡು ನೋಡ್ರಿ. ನಾ ಮುಂದ ನಡೀತೀನಿ."

ನಡೆಯಲಿ ಬಿಡು ಎಂದುಕೊಂಡೆ. ಎಲ್ಲಿಗೆ ಹೋದಾಳು, ಒಂದೇ ದಾರಿ.

ಕಲ್ಲಿನ ಮೂರ್ತಿಯ ಪಕ್ಕ

ತಿರುವಿನಲ್ಲಿ ಒಂದು ಪುಟ್ಟ ಕಲ್ಲಿನ ಮೂರ್ತಿ, ಅದರ ಕೊರಳಿಗೆ ಕೆಂಪು ಬಟ್ಟೆ. ದಾರಿಹೋಕರನ್ನೂ ಮಕ್ಕಳನ್ನೂ ಕಾಯುವ ದೇವರು ಅದಂತೆ. ಅದರ ಪಕ್ಕದ ಇಳಿಜಾರೇ ಫುಮಿಕೊ ಅವರ ಗಂಡ ಹೇಳಿದ ಜಾಗ. ನಾವು ತಲುಪಿದಾಗ ಅಕ್ಕ ಆಗಲೇ ಅಲ್ಲಿ ನಿಂತಿದ್ದಳು. ಮುಖದಲ್ಲಿ ಗೆಲುವು.

"ಸಿಕ್ತು ನೋಡು! ಒಂದೇ ಇತ್ತು. ಹಲಗಿ ಇದ್ದಿಲ್ಲ."

ಅವಳ ಎರಡು ಬೆರಳ ನಡುವೆ, ತೊಟ್ಟು ಸಮೇತ, ಒಂದು ನೇರಳೆ ಹೂ.

ಹಲಗೆ ಇರಲಿಲ್ಲ ನಿಜ. ಹಲಗೆ ಫುಮಿಕೊ ಅವರ ಚೀಲದಲ್ಲಿತ್ತು. ಚಳಿ ತಡವಾಗಿ ಹೋದದ್ದರಿಂದ ಈ ಸಲ ಆ ಗಿಡದಲ್ಲಿ ಅರಳಿದ್ದು ಒಂದೇ ಹೂ, ಉಳಿದವು ಕಾಳಿನಷ್ಟು ಮೊಗ್ಗು.

ಬೈದಿದ್ದರೆ ಚೆನ್ನಾಗಿತ್ತು. ಒಬ್ಬರೂ ಬೈಯಲಿಲ್ಲ. ಮುರಾತಾ ಅವರು ನಿಧಾನವಾಗಿ ಟೋಪಿ ತೆಗೆದರು. ಉಳಿದವರೂ ತೆಗೆದರು. ಫುಮಿಕೊ ಗಿಡವನ್ನು ನೋಡಿದರು, ಹೂವನ್ನು ನೋಡಿದರು, ಆಮೇಲೆ ದೂರದ ಬೆಟ್ಟವನ್ನು ನೋಡತೊಡಗಿದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ.

"ಯಾಕ, ಸತ್ತೋರ ಮನಿ ಮುಂದ ನಿಂತಂಗ ನಿಂತಾರಲ್ಲ?" ಎಂದಳು ಅಕ್ಕ.

ರಾತ್ರಿ ಕೇಳಿದ್ದನ್ನು ಹೇಳಿದೆ. ಗಂಡ, ಕಾಯಿಲೆ, ಯಾರೂ ನಂಬದ ಮಾತು, ಬರಿದಾದ ಹಲಗೆ, ಎಲ್ಲ. ಅಕ್ಕನ ಮುಖ ಸಣ್ಣಗಾಯಿತು. "ಹುಚ್ಚಿ, ಮುಂಜಾನೆ ಹೇಳಬಾರದೇನ? ಹಲಗಿ ಹಲಗಿ ಅಂತ ಬರೀ ಹಲಗಿ ಹೇಳಿದಿ" ಎಂದು ನನ್ನ ತೋಳಿಗೆ ಒಂದು ಗುದ್ದು ಕೊಟ್ಟಳು. ನನಗೆ ಬರಬೇಕಾದದ್ದೇ.

ಆಗ ಫುಮಿಕೊ ಮೆಲ್ಲಗೆ ಹೇಳಿದರು, "ಕಿತ್ತದ್ದಾಗಿದೆ. ಈಗಲಾದರೂ ಯಾರಾದರೂ ಮೂಸಿ ನೋಡಿ."

ಮುರಾತಾ ಮಾಸ್ಕ್ ಸರಿಸಿ ಮುಂದೆ ಬಾಗಿದರು. ಬಾಗಿದವರೇ ಕಿವಿಗಡಚಿಕ್ಕುವಂತೆ ಸೀನಿದರು. ಇನ್ನೊಬ್ಬರು ಪ್ರಯತ್ನಿಸಿ ಕಣ್ಣೊರೆಸಿಕೊಂಡರು. ಮತ್ತೊಬ್ಬರು ತಲೆಯಾಡಿಸಿದರು. ಪರಾಗ ಇಳಿಯುವ ಹೊತ್ತಿಗೆ ಈ ಹೂವಿನ ಕಾಲವೇ ಮುಗಿದಿರುತ್ತದಂತೆ. ನನ್ನ ಮೂಗಿನ ಸಂಗತಿ ಹೇಳಿಯಾಗಿದೆ. ಬೆಟ್ಟದ ಮೇಲೆ ಅಷ್ಟೂ ಜನರಲ್ಲಿ ಕೆಲಸಕ್ಕೆ ಬರುವ ಮೂಗು ಒಂದೇ ಒಂದಿತ್ತು, ಅದು ಗುರಬಸಮ್ಮನದು. ಅದು ಸಾಮಾನ್ಯ ಮೂಗೂ ಅಲ್ಲ. ಕಮಲಾಪುರದಲ್ಲಿ ಮೂರು ಮನೆಯಾಚೆ ಬೇಳೆ ತಳ ಹಿಡಿದರೆ ಇವಳು ಜಗಲಿಯಿಂದಲೇ ಕೂಗಿ ಹೇಳುತ್ತಾಳೆ.

"ಯಕ್ಕಾ, ಮೂಸು" ಎಂದೆ.

ಅಕ್ಕ ಹೂ ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ಮೂಸಿದ ಹೂ ಲಿಂಗಕ್ಕ ನಡೀತದೇನ? ಪೂಜಾಕ್ಕಂತ ಹರದೀನಿ."

ನಮ್ಮಲ್ಲಿ ಇದು ಕೂಸಿಗೂ ಗೊತ್ತು. ದೇವರ ಹೂ ಮೂಸಿದರೆ ಎಂಜಲು. ಪೇಟೆಯಲ್ಲಿ ಮಲ್ಲಿಗೆ ಕೊಳ್ಳುವಾಗ ಯಾರಾದರೂ ಮೂಗಿಗೆ ಹಿಡಿದರೆ ಹೂವಿನವಳೇ ಹರಿಹಾಯುತ್ತಾಳೆ. ಆದರೆ ಇದನ್ನು ಇಂಗ್ಲಿಷಿನಲ್ಲಿ ಫುಮಿಕೊಗೆ ಹೇಳಿ, ಅವರು ಜಪಾನಿಯಲ್ಲಿ ಬಳಗಕ್ಕೆ ಹೇಳುವಷ್ಟರಲ್ಲಿ ನನಗೆ ನೆಗಡಿಯ ಮೇಲೆ ಬೆವರೂ ಬಂತು. ಹೂ ಇರುವುದೇ ಮೂಸಲು ಎಂದು ನಂಬಿದವರಿಗೆ, ಮೂಸದೆ ಕೊಡುವುದೇ ಮರ್ಯಾದೆ ಎಂದು ಹೇಗೆ ಹೇಳುವುದು? ಮುರಾತಾ ಮಾತ್ರ ಗಂಭೀರವಾಗಿ ಕೇಳಿ, ಕಲ್ಲಿನ ಮೂರ್ತಿಯತ್ತ ಒಮ್ಮೆ ನೋಡಿ, ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು.

ಅರ್ಥವಾದರೇನು, ಹಲಗೆ ಬರಿದಾಗಿಯೇ ಇತ್ತು. "ಇನ್ನೊಂದು ಹೂ ಹುಡುಕೂಣು ಯಕ್ಕಾ. ಇದನ್ನ ಬಿಡು" ಎಂದೆ. "ಇನ್ನೊಂದು ಹರೀಲಾಕ ಇವರು ಬಿಡ್ತಾರೇನ? ಇವತ್ತ ಉಪಾಸ ಕೂಡ್ರಲೇನ ನಾ?" ಎಂದಳು. ಆದರೂ ಅವಳ ಕಣ್ಣು ಫುಮಿಕೊ ಕಡೆಗೇ ಇತ್ತು. ಫುಮಿಕೊ ಬಟ್ಟೆಯಲ್ಲಿ ಸುತ್ತಿದ ಹಲಗೆಯನ್ನು ಎದೆಗವಚಿಕೊಂಡು ನಿಂತಿದ್ದರು.

ಅಕ್ಕ ಅದನ್ನೇ ನೋಡುತ್ತ ನಿಂತಳು. ಆಮೇಲೆ ಏನೋ ಲೆಕ್ಕ ಬಗೆಹರಿದವಳಂತೆ ಸೆರಗು ಬಿಗಿದಳು. "ಶಾಂತಾ, ಒಂದ್ ಹಾಳಿ ಹಾಸು. ನೀರು ಕೇಳು."

"ಏನ್ ಮಾಡ್ತಿ?"

"ಪೂಜಾ ಮಾಡ್ತೀನಿ. ಏರಿಸಿ ಇಳಿಸಿದಮ್ಯಾಲ ಪ್ರಸಾದ ಆಗ್ತದ. ಪ್ರಸಾದದ ಹೂ ಕಣ್ಣಿಗಿ ಒತ್ತಿಕೊಂಡು ಮೂಸ್ತೀವಿಲ್ಲೇನ ನಾವು?"

ನನಗೆ ಹೊಳೆದೇ ಇರಲಿಲ್ಲ. ಮುರಾತಾ ತಮ್ಮ ಹಾಳೆಯನ್ನೇ ಹಾಸಿಕೊಟ್ಟರು, ನೀರಿನ ಬಾಟಲಿ ಕೊಟ್ಟರು. ಅಕ್ಕ ಕೈಕಾಲು ತೊಳೆದು, ಹಣೆಗೆ ವಿಭೂತಿ ಎಳೆದು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡಳು. ಜಪಾನಿನ ಬೆಟ್ಟದ ತಿರುವಿನಲ್ಲಿ, ಕೆಂಪು ಬಟ್ಟೆಯ ಕಲ್ಲಿನ ದೇವರ ಪಕ್ಕದಲ್ಲಿ ಪೂಜೆ ಶುರುವಾಯಿತು. ಬಳಗ ಸಾಲಾಗಿ ನಿಂತಿತು. ಹೂ ಗುರುತಿಸುವ ಭಾರತೀಯ ಪದ್ಧತಿ ಇದೇ ಇರಬೇಕೆಂದುಕೊಂಡ ಒಬ್ಬರು ಭೂತಗನ್ನಡಿ ಹಿಡಿದು ಹತ್ತಿರ ಬಂದರು. ಫುಮಿಕೊ ಅವರ ತೋಳು ಹಿಡಿದು ಹಿಂದಕ್ಕೆ ಕರೆದುಕೊಂಡರು. ದಾ‍ರಿಯಲ್ಲಿ ಬಂದ ಇಬ್ಬರು ಅಪರಿಚಿತರೂ ಟೋಪಿ ತೆಗೆದು ನಿಂತರು, ಯಾಕೆಂದು ಕೇಳಲೂ ಇಲ್ಲ. ಅಕ್ಕ ಅವಸರ ಮಾಡಲಿಲ್ಲ. ಕಮಲಾಪುರದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೋ ಇಲ್ಲಿಯೂ ಅಷ್ಟೇ ಹೊತ್ತು.

ಕೊನೆಗೆ ಲಿಂಗದ ಮೇಲಿನ ಹೂ ಇಳಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿದಳು.

ಅಷ್ಟೊಂದು ಜನ ನನ್ನಕ್ಕನ ಮೂಗನ್ನು ಉಸಿರು ಬಿಗಿಹಿಡಿದು ನೋಡಿದ್ದು ಅದೇ ಮೊದಲು. ನನಗೆ ಒಳಗೊಳಗೇ ಭಯ. ವಾಸನೆ ಇಲ್ಲದಿದ್ದರೆ ಇಲ್ಲವೆಂದೇ ಹೇಳುತ್ತಾಳೆ ಇವಳು. ಮದುವೆ ಮನೆಯಲ್ಲಿ ಬೀಗರ ಮುಂದೆಯೇ ಸಾರಿಗೆ ಉಪ್ಪಿಲ್ಲ ಎಂದವಳು.

"ಅದ" ಎಂದಳು ಅಕ್ಕ. "ವಾಸನಿ ಅದ."

ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಫುಮಿಕೊಗೆ ಅರ್ಥವಾಗಿತ್ತು. ಮುರಾತಾ ಸುಮ್ಮನೆ ಬಿಡುವವರಲ್ಲ. ಎಂಥ ವಾಸನೆ ಎಂದು ಕೇಳಿದರು. ಅಕ್ಕ ಮತ್ತೊಮ್ಮೆ ಮೂಸಿದಳು.

"ಜೋರಿಲ್ಲ. ರಾತ್ರಿ ಮುಡಕೊಂಡು ಮಲಗಿದ್ದ ಮಲ್ಲಿಗಿ ತಗದಿಟ್ಟಮ್ಯಾಲೂ ಮುಂಜಾನೆ ತಲಿದಿಂಬಿಗಿ ಉಳದಿರ್ತದಲ್ಲ, ಅಷ್ಟು."

ಇದನ್ನು ಹೇಗೆ ದಾಟಿಸಿದೆನೋ ನೆನಪಿಲ್ಲ. ಫುಮಿಕೊ ಕೂಡ ಬಳಗಕ್ಕೆ ಹೇಳುವಾಗ ಎರಡು ಸಲ ನಿಂತರು. ಮುರಾತಾ ಎರಡು ಬೆರಳೆತ್ತಿ ತೋರಿಸಿದರು. ಗೆಳೆಯನದು ಒಂದು ಮೂಗು, ಇವರದು ಒಂದು. ಎರಡಾಯಿತು, ಬರೆಯಿರಿ ಎಂದರು. ಹಾಗೆಂದವರೇ ಬೆನ್ನು ತಿರುಗಿಸಿ ಸೀನಿದರು. ಆ ಸಲದ್ದು ಪರಾಗದ ಸೀನಲ್ಲ ಎಂದು ನನ್ನ ಅನುಮಾನ.

ಫುಮಿಕೊ ಮೊಣಕಾಲೂರಿ ಕುಂಚದಿಂದ ಗಂಡ ಹೇಳಿದ ಜಾತಿಯ ಹೆಸರು ಬರೆದರು. ಕಣ್ಣೀರು ಸುರಿಯುತ್ತಿತ್ತು, ಅಕ್ಷರ ಮಾತ್ರ ನೇರವಾಗಿ ಬಂತು. ಹಲಗೆ ಊರಿ ಎದ್ದವರಿಗೆ ಅಕ್ಕ ಪ್ರಸಾದವೆಂದು ಹೂ ಕೊಟ್ಟಳು. ಫುಮಿಕೊ ನೋಡಿದ್ದನ್ನು ಕಲಿತಿದ್ದರು. ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಯಾರೂ ಹೇಳಿಕೊಡದ ಕೆಲಸವೊಂದನ್ನು ಮಾಡಿದರು. ಅಕ್ಕನ ಹಿಂದೆ ಹೋಗಿ, ಅವಳ ತುರುಬಿನಲ್ಲಿ ಆ ಹೂ ಸಿಕ್ಕಿಸಿಬಿಟ್ಟರು.

ನನ್ನ ಬಾಯಿಗೆ "ಬ್ಯಾಡ್ರಿ" ಎಂಬ ಮಾತು ಬಂದೇಬಿಟ್ಟಿತ್ತು. ಭಾವ ತೀರಿಕೊಂಡ ದಿನದಿಂದ ಅಕ್ಕನ ತಲೆಗೆ ಹೂ ಹತ್ತಿರಲಿಲ್ಲ. ಮುಡಿಯಬೇಡ ಎಂದು ಯಾರೂ ಹೇಳಿರಲಿಲ್ಲ, ಮುಡಿ ಎಂದೂ ಯಾರೂ ಹೇಳಿರಲಿಲ್ಲ. ಹೂ ಹಂಚುವ ಕೈ ಅವಳ ಹತ್ತಿರ ಬಂದಾಗ ತಾನಾಗಿಯೇ ಮುಂದಿನವಳ ಕಡೆ ಸರಿಯುತ್ತಿತ್ತು. ನನ್ನ ಕೈಯೂ ಹಾಗೆಯೇ ಸರಿದಿದೆ. ದಿನವೂ ಚೀಲದ ತುಂಬ ಹೂ ಕೀಳುವವಳ ತಲೆಯಲ್ಲಿ ಒಂದೂ ಹೂವಿಲ್ಲ ಎಂಬುದು ವಿಚಿತ್ರವೆಂದು ನನಗೆ ಅಲ್ಲಿಯವರೆಗೆ ಅನ್ನಿಸಿರಲೇ ಇಲ್ಲ.

ಅಕ್ಕ ಕೈ ಹಿಂದೆ ಮಾಡಿ ಮುಟ್ಟಿ ನೋಡಿಕೊಂಡಳು. "ಕಾಣಸ್ತದೇನ?" ಎಂದು ಕೇಳಿದಳು.

"ಕಾಣಸ್ತದ."

"ಹಿಂಗ್ಯಾಕ ನೋಡ್ತಿ? ಪ್ರಸಾದ ಅದ" ಎಂದು ನನ್ನ ಮೇಲೆ ರೇಗಿ, ಫುಮಿಕೊ ತಂದಿದ್ದ ಅನ್ನದ ಉಂಡೆಗಳ ಡಬ್ಬಿ ಬಿಚ್ಚಿ, ನನ್ನ ಪಾಲಿನದನ್ನೂ ಸೇರಿಸಿ ಉಂಡಳು. ಸಂಜೆ ಹೂ ಬಾಡಿ ಎಸಳು ಮುದುಡುವವರೆಗೂ ತೆಗೆಯಲಿಲ್ಲ.

ಮತ್ತೆ ಗಾಜಿಪುರ

ಕಲಬುರಗಿಯಲ್ಲಿ ರೈಲಿಳಿದಾಗ ಬಿಸಿಲು ಕಾದ ಹೆಂಚಿನಂತೆ ಎದುರಾಯಿತು. ನನ್ನ ನೆಗಡಿ ಸ್ಟೇಷನ್ನಿನ ಮೆಟ್ಟಿಲಿನಲ್ಲೇ ಬಿಟ್ಟುಹೋಯಿತು. ಮನೆಯಲ್ಲಿ ಅಕ್ಕನನ್ನು ಕರೆದೊಯ್ಯಲು ಕಮಲಾಪುರದಿಂದ ಅವಳ ಸೊಸೆ ಸಂಗೀತಾ ಬಂದಿದ್ದಳು. ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಿದ್ದಳು. ಯಜಮಾನರು ರೊಟ್ಟಿ ಮುರಿಯುತ್ತಲೇ, "ಸಿಕ್ತೇನ ಅಲ್ಲಿ ರೊಟ್ಟಿ?" ಎಂದು ಕೇಳಿದರು. ಅವರಿಗೆ ಜಪಾನಿನ ಬಗ್ಗೆ ತಿಳಿಯಬೇಕಾದದ್ದು ಅಷ್ಟೇ.

ಅಕ್ಕ ಅಂದು ಮುಂಜಾನೆ ರೈಲಿನಲ್ಲೇ, ಸೊಲ್ಲಾಪುರದಲ್ಲಿ ಕೊಂಡ ಹೂವಿನಿಂದ ಪೂಜೆ ಮುಗಿಸಿದ್ದಳು. ಊಟವಾಯಿತು. ಹೊರಡುವ ಹೊತ್ತಿಗೆ ಸಂಗೀತಾ ಒಳಗಿನಿಂದ ಕುಂಕುಮದ ಬಟ್ಟಲು, ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆ ತಂದಳು. ನನ್ನ ಹಣೆಗೆ ಕುಂಕುಮವಿಟ್ಟು, ಮಾಲೆಯನ್ನು ನನ್ನ ಮುಡಿಗೇರಿಸಿದಳು. ಆಮೇಲೆ ಅತ್ತೆಯ ಕಾಲಿಗೆ ನಮಸ್ಕರಿಸಿ, ಚೀಲ ಎತ್ತಿಕೊಳ್ಳಲು ಬಗ್ಗಿದಳು.

"ಸಂಗೀತಾ" ಎಂದಳು ಅಕ್ಕ. ಕೈ ಮುಂದೆ ಚಾಚಿದ್ದಳು. "ನನಗ?"

ಸಂಗೀತಾ ಚೀಲ ಹಿಡಿದುಕೊಂಡೇ ನಿಂತಳು. ನನ್ನ ಮುಖ ನೋಡಿದಳು, ಯಜಮಾನರ ಮುಖ ನೋಡಿದಳು. ಯಜಮಾನರ ಕೈಯಲ್ಲಿದ್ದ ನೀರಿನ ಲೋಟ ಬಾಯಿಯವರೆಗೆ ಹೋಗಿ ನಿಂತಿತ್ತು.

"ಪೂಜಾಕ್ಕೇನ್ರಿ ಅತ್ತಿ?"

"ಪೂಜಾ ಮುಂಜಾನೇ ಆಗ್ಯಾದ" ಎಂದಳು ಅಕ್ಕ. "ತಲಿಗಿ."

 ಆಮೇಲೆ ಸಂಗೀತಾ ಚೀಲ ಕೆಳಗಿಟ್ಟಳು. ನನ್ನ ಹಿಂದೆ ಬಂದು, ಮುಡಿಸಿದ್ದ ಮಾಲೆಯನ್ನೇ ಬಿಚ್ಚಿ ತೆಗೆದು, ನಡುವೆ ಎರಡಾಗಿ ಹರಿದಳು. ಅಳತೆ ಸರಿಯಾಗಲಿಲ್ಲ. ದೊಡ್ಡ ತುಂಡು ಅಕ್ಕನಿಗೇ ಹೋಯಿತು.